ಗಿಡಕ್ಕೆ ಸರಾಸರಿ ಗೊತ್ತಾಗಲ್ಲ

ಬೆಳೆ ಮತ್ತೆ ಹವಾಮಾನದ ಲೆಕ್ಕ ಹಾಕೋದೇ ನನ್ನ ಕೆಲ್ಸ. ರಿಪೋರ್ಟ್ ಕೊಟ್ಟಾಗೆಲ್ಲ ಬರೋ ಮೊದಲ್ನೇ ಪ್ರಶ್ನೆ, "ಸರಾಸರಿ ಎಷ್ಟು ಡಿಗ್ರಿ ಜಾಸ್ತಿ ಆಯ್ತು ಸಾರ್?" ಒಂದು, ಒಂದೂವರೆ ಅಂದ್ರೆ "ಅಷ್ಟೇನಾ" ಅಂತಾರೆ. ಆದ್ರೆ ಗಿಡಕ್ಕೆ ಸರಾಸರಿ ಗೊತ್ತಾಗಲ್ಲ, ಅದಕ್ಕೆ ಗೊತ್ತಾಗೋದು ಇವತ್ತಿನ ಬಿಸಿಲು ಮಾತ್ರ.

ಭತ್ತದ ಹೂವನ್ನೇ ತಗೊಳ್ಳಿ. ಒಂದೊಂದು ಹೂವು ಅರಳಿರೋದು ಹೆಚ್ಚೂಕಮ್ಮಿ ಒಂದು ಗಂಟೆ, ಅಷ್ಟರಲ್ಲೇ ಪರಾಗ ಬಿದ್ದು ಕೆಲ್ಸ ಮುಗೀಬೇಕು. ಆ ಹೊತ್ತಲ್ಲಿ ಬಿಸಿ 35 ಡಿಗ್ರಿ ದಾಟಿದ್ರೆ ಪರಾಗದ ಚೀಲ ಸರಿಯಾಗಿ ಬಿರಿಯಲ್ಲ, ಎಷ್ಟೋ ಕಾಳು ಕಟ್ಟೋದೇ ಇಲ್ಲ, ತೆನೆ ದೂರದಿಂದ ನೋಡೋಕೆ ಚೆನ್ನಾಗೇ ಇರತ್ತೆ ಆದ್ರೆ ಬೆರಳಲ್ಲಿ ಹಿಚುಕಿದ್ರೆ ಬರೀ ಜೊಳ್ಳು. ಆ ಸೀಸನ್ನಿನ ಸರಾಸರಿ ನೋಡಿದ್ರೆ ಎಲ್ಲಾ ನಾರ್ಮಲ್! ಮೆಕ್ಕೆಜೋಳದ್ದೂ ಇದೇ ಕಥೆ, ಅಮೆರಿಕದ ಇಳುವರಿ ಮೇಲೆ 2009ರಲ್ಲಿ ಬಂದ ಸ್ಟಡಿ ಪ್ರಕಾರ 29 ಡಿಗ್ರಿವರೆಗೆ ಬಿಸಿ ಒಳ್ಳೇದೇ, ಅದರಾಚೆ ಇಳುವರಿ ಜರ್ರಂತ ಇಳಿಯತ್ತೆ.

ಬಿಸಿ ಒಂದೇ ಅಲ್ಲ, ಗಾಳಿಯ ದಾಹನೂ ಇದೆ. ಒಂದು ಡಿಗ್ರಿ ಏರಿದ್ರೆ ಗಾಳಿ ಸುಮಾರು 7% ಜಾಸ್ತಿ ನೀರಾವಿ ಹಿಡಿಯಬಲ್ದು, ಅಂದ್ರೆ ಎಲೆ, ಮಣ್ಣಿಂದ ಅಷ್ಟು ಜೋರಾಗಿ ನೀರು ಎಳ್ಕೊಳತ್ತೆ. ಮಣ್ಣಲ್ಲಿ ತೇವ ಕಮ್ಮಿ ಇದ್ರೆ ಎಲೆ ನೀರು ಉಳಿಸ್ಕೊಳ್ಳೋಕೆ ತನ್ನ ರಂಧ್ರ ಮುಚ್ಕೊಳತ್ತೆ, ಆಗ ಕಾರ್ಬನ್ ಡೈಆಕ್ಸೈಡೂ ಒಳಗೆ ಬರಲ್ಲ, ಆದ್ರೆ ಉಸಿರಾಟ ನಡೀತಾನೇ ಇರತ್ತೆ, ಅಂದ್ರೆ ದುಡಿಮೆ ನಿಂತಿದೆ, ಖರ್ಚು ನಿಂತಿಲ್ಲ. 2003ರ ಬೇಸಿಗೆಲಿ ಯುರೋಪಲ್ಲಿ ಆಗಿದ್ದು ಇದೇ, ಗಿಡಮರಗಳ ಒಟ್ಟು ಉತ್ಪಾದನೆ ಸುಮಾರು 30% ಬಿದ್ದೋಯ್ತು, ಕಾರ್ಬನ್ ಹೀರ್ಕೋಬೇಕಾದ ಕಾಡು ಹೊಲಗಳೇ ಅದನ್ನ ವಾಪಸ್ ಗಾಳಿಗೆ ಬಿಟ್ವು. ಅದೇ ಬೇಸಿಗೆಲಿ ಫ್ರಾನ್ಸಿನ ಕೆಲವು ಅಣು ಸ್ಥಾವರಗಳೂ ವಿದ್ಯುತ್ ಉತ್ಪಾದನೆ ಇಳಿಸ್ಬೇಕಾಯ್ತು, ಯಾಕಂದ್ರೆ ತಂಪು ಮಾಡೋ ನದಿ ನೀರೇ ಬಿಸಿಯಾಗಿತ್ತು. ಎಲೆಗೆ ಆದ ಪಾಡೇ ರಿಯಾಕ್ಟರಿಗೂ.

ಮನುಷ್ಯರ ಮೈ ಏನು ಬೇರೆ ಅಲ್ಲ. ಬೆವರು ಆರಿದ್ರೆ ತಾನೇ ತಂಪು? ಗಾಳಿಲೇ ತೇವ ತುಂಬಿದ್ರೆ ಅದು ಆರಲ್ಲ, ಬಿಸಿಲಲ್ಲಿ ದುಡಿಯೋರು ನಿಧಾನ ಆಗ್ಲೇಬೇಕು. 2030ರ ಹೊತ್ತಿಗೆ ಜಗತ್ತಿನ ಕೆಲಸದ ಗಂಟೆಗಳಲ್ಲಿ 2.2% ಹೀಗೆ ಹೋಗಬಹುದು, ಅಂದ್ರೆ 8 ಕೋಟಿ ಪೂರ್ಣಾವಧಿ ಕೆಲಸಕ್ಕೆ ಸಮ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲೇ ಅಂದಾಜು ಕೊಟ್ಟಿತ್ತು.

ಇನ್ನು ವರ್ಷದ ಸರಾಸರಿ 13 ಡಿಗ್ರಿ ಇದ್ರೆ ಆರ್ಥಿಕ ಉತ್ಪಾದಕತೆ ಅತಿ ಹೆಚ್ಚು ಅನ್ನೋ 2015ರ ಸ್ಟಡಿನ ಮೀಟಿಂಗಲ್ಲಿ ಯಾರಾದ್ರೂ ಎತ್ತೇ ಎತ್ತಾರೆ. ಸ್ಟಡಿ ಗಟ್ಟಿನೇ, ಆದ್ರೆ ಅದನ್ನಿಟ್ಕೊಂಡು ಬಿಸಿ ದೇಶಗಳ ಹಣೆಬರಹ ಬರೆಯೋದು ನಂಗೆ ಒಪ್ಪಿಗೆ ಇಲ್ಲ. ಸರಾಸರಿ ಪಕ್ಕಕ್ಕಿಡಿ, ಹೂ ಬಿಡೋ ವಾರದ ಗಂಟೆಗಂಟೆ ಲೆಕ್ಕ ತನ್ನಿ, ಆಮೇಲೆ ಮಾತಾಡೋಣ ಅಂತೀನಿ.