ಹುಳುಕು ಹಲ್ಲಿನ ಬ್ಯಾಕ್ಟೀರಿಯಾ: ತಟ್ಟೆಯಲ್ಲಿ ಬೆಳೆಸಿ ಗುರುತಿಸುವ ಬಗೆ

ಬಾಯಿಯಲ್ಲಿ ನೂರಾರು ಬಗೆಯ ಬ್ಯಾಕ್ಟೀರಿಯಾಗಳಿವೆ. ಸಾಮಾನ್ಯ ಅಗರ್ ಮೇಲೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಆಹಾರದ ಪದರದ ಮೇಲೆ, ಜೊಲ್ಲು ಸವರಿದರೆ ಹಲವು ಬಗೆಗಳು ಒಟ್ಟಿಗೆ ಮುಗಿಬಿದ್ದು ಬೆಳೆಯುತ್ತವೆ. ಒಂದನ್ನು ಆರಿಸಿ ತೆಗೆಯುವುದೇ ಕಷ್ಟ. ಆದ್ದರಿಂದ ಮೊದಲ ಕೆಲಸ ಬೇಡದವನ್ನು ತಡೆಯುವುದು.

ಹುಳುಕು ಹಲ್ಲಿನ ವಿಷಯದಲ್ಲಿ ಮುಖ್ಯ ಆರೋಪಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್. 1924ರಲ್ಲಿ ಇದನ್ನು ಬೇರ್ಪಡಿಸಿದ ಕ್ಲಾರ್ಕ್ ಅವರಿಗೆ ದುಂಡಗಿರಬೇಕಾದ ಕೋಶಗಳು ಮೊಟ್ಟೆಯಾಕಾರದಲ್ಲಿ ಕಂಡವು. ರೂಪ ಬದಲಿಸಿದ ಸ್ಟ್ರೆಪ್ಟೊಕಾಕಸ್ ಎಂದುಕೊಂಡು ಈ ಹೆಸರಿಟ್ಟರು.

ಇದಕ್ಕೆ ಬಳಸುವ ಮಾಧ್ಯಮ ಮೈಟಿಸ್ ಸಲೈವೇರಿಯಸ್ ಅಗರ್. ಅದರಲ್ಲಿರುವ ಕ್ರಿಸ್ಟಲ್ ವಯೊಲೆಟ್ ಎಂಬ ಬಣ್ಣ ಮತ್ತು ಟೆಲ್ಯುರೈಟ್ ಎಂಬ ಲವಣ ಹೊರಗಿನವರನ್ನು ತಡೆಯುತ್ತವೆ, ಮಿಲಿಲೀಟರಿಗೆ 0.2 ಯೂನಿಟ್ ಬ್ಯಾಸಿಟ್ರಾಸಿನ್ ಎಂಬ ಪ್ರತಿಜೈವಿಕ ಸೇರಿಸಿದರೆ ಉಳಿದ ಸ್ಟ್ರೆಪ್ಟೊಕಾಕಸ್‌ಗಳಲ್ಲೂ ಹೆಚ್ಚಿನವು ಹಿಂದೆ ಸರಿಯುತ್ತವೆ. ಟೆಲ್ಯುರೈಟ್ ಮತ್ತು ಬ್ಯಾಸಿಟ್ರಾಸಿನ್ ಎರಡನ್ನೂ ಆಟೊಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ) ಆದ ಮೇಲೆ, ಅಗರ್ ಸುಮಾರು 50 ಡಿಗ್ರಿಗೆ ಇಳಿದಾಗ ಬೆರೆಸಬೇಕು. ಸಕ್ಕರೆಯ ಪ್ರಮಾಣ 20%. ಪಾಯಸಕ್ಕೂ ಹೆಚ್ಚೆನಿಸಬಹುದು, ಆದರೆ ಗುಟ್ಟು ಅದರಲ್ಲೇ ಇದೆ: ಸಕ್ಕರೆಯಿಂದ ಮ್ಯೂಟನ್ಸ್ ಗ್ಲೂಕನ್ ಎಂಬ ಅಂಟು ತಯಾರಿಸುತ್ತದೆ. ಬಾಯಿಯಲ್ಲಿ ಹಲ್ಲಿಗೆ ಕಚ್ಚಿಕೊಳ್ಳುವುದೂ ಇದೇ ಅಂಟಿನಿಂದ.

ಕ್ಯಾಂಡಲ್ ಜಾರ್‌ನಲ್ಲಿ (ಉರಿಯುವ ಮೇಣದಬತ್ತಿ ಇಟ್ಟು ಮುಚ್ಚಿ ಆಮ್ಲಜನಕ ತಗ್ಗಿಸಿದ ಜಾಡಿ) 37 ಡಿಗ್ರಿಯಲ್ಲಿ 48 ಗಂಟೆ ಇಟ್ಟು ತೆಗೆಯಿರಿ. ಕಾಲೊನಿ, ಅಂದರೆ ಒಂದೇ ಕಡೆ ಗುಂಪಾಗಿ ಬೆಳೆದ ಬ್ಯಾಕ್ಟೀರಿಯಾ, ಒರಟಾಗಿ, ಮಸುಕು ಗಾಜಿನಂತೆ ಕಾಣುತ್ತದೆ. ಕೆಲವದರ ನೆತ್ತಿಯ ಮೇಲೆ ಹೊಳೆಯುವ ಹನಿಯೊಂದು ಕೂತಿರುತ್ತದೆ. ಲೂಪ್ ಎಂಬ ತಂತಿಯ ಕುಣಿಕೆಯಿಂದ ತಳ್ಳಿದರೆ ಸುಲಭವಾಗಿ ಏಳುವುದಿಲ್ಲ, ದೋಸೆ ಕಾವಲಿಗೆ ಹಿಡಿದುಕೊಂಡಂತೆ. ನನ್ನ ಮಟ್ಟಿಗೆ ಈ ಹಟವೇ ಬಣ್ಣಕ್ಕಿಂತ ನಂಬಿಕಸ್ಥ ಗುರುತು.

ಎಣಿಕೆಯಲ್ಲಿ ತಪ್ಪುವವರು ಬಹಳ. ಜೊಲ್ಲನ್ನು ಸಾವಿರ ಪಟ್ಟು ತೆಳುಗೊಳಿಸಿ, ಅದರಲ್ಲಿ 0.1 ಮಿಲಿಲೀಟರ್ ಹರಡಿದಾಗ 45 ಕಾಲೊನಿಗಳು ಬಂದವು ಎನ್ನಿ. ಲೆಕ್ಕ 45 × 10 × 1000, ಅಂದರೆ ಮಿಲಿಲೀಟರಿಗೆ 4.5 ಲಕ್ಷ. ಹರಡಿದ್ದು ಮಿಲಿಲೀಟರಿನ ಹತ್ತನೇ ಒಂದು ಭಾಗ ಮಾತ್ರ, ನಡುವಿನ ಆ ಹತ್ತನ್ನು ಮರೆಯಬೇಡಿ.

ಗ್ರಾಂ ಎಂಬ ವಿಧಾನದಲ್ಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೇರಳೆ ಸರಪಳಿಗಳು ಕಾಣಬೇಕು, ಹೈಡ್ರೋಜನ್ ಪೆರಾಕ್ಸೈಡನ್ನು ಒಡೆದು ಗುಳ್ಳೆ ಎಬ್ಬಿಸುವ ಕ್ಯಾಟಲೇಸ್ ಕಿಣ್ವ ಇರಬಾರದು. ಇಲ್ಲೇ ನಾನು ಎಡವಿದ್ದು: ರಕ್ತದ ಅಗರ್‌ನಿಂದ ಕಾಲೊನಿ ಕೆರೆದಾಗ ಅಗರ್ ಚೂರೂ ಜೊತೆಗೆ ಬಂತು. ಹೈಡ್ರೋಜನ್ ಪೆರಾಕ್ಸೈಡ್ ಹಾಕಿದ ಕೂಡಲೇ ಗುಳ್ಳೆಗಳೆದ್ದವು. ಕೆಂಪು ರಕ್ತಕಣಗಳಲ್ಲೂ ಕ್ಯಾಟಲೇಸ್ ಇರುತ್ತದೆಂಬುದು ಹೊಳೆಯದೆ, ದಾಖಲೆ ಪುಸ್ತಕದಲ್ಲಿ ಕ್ಯಾಟಲೇಸ್ ಇರುವ ಸ್ಟ್ಯಾಫಿಲೊಕಾಕಸ್ ಎಂದು ಬರೆದುಬಿಟ್ಟಿದ್ದೆ.

ಮುಂದೆ ಸಕ್ಕರೆಗಳ ಪರೀಕ್ಷೆ. ಮ್ಯೂಟನ್ಸ್ ಮ್ಯಾನಿಟಾಲ್, ಸಾರ್ಬಿಟಾಲ್ ಎರಡನ್ನೂ ಹುದುಗಿಸಿ ಆಮ್ಲವಾಗಿಸುತ್ತದೆ, ಅರ್ಜಿನಿನ್ ಎಂಬ ಅಮೈನೊ ಆಮ್ಲವನ್ನು ಒಡೆಯುವುದಿಲ್ಲ. ಅದರ ದಾಯಾದಿ ಸೊಬ್ರಿನಸ್ ಇವುಗಳಲ್ಲಿ ಬಹುಪಾಲು ಇದನ್ನೇ ಹೋಲುವುದರಿಂದ, ಅವೆರಡರ ನಡುವಿನ ತಕರಾರನ್ನು ಡಿಎನ್ಎ ಪರೀಕ್ಷೆಯಾದ ಪಿಸಿಆರ್‌ಗೆ ಒಪ್ಪಿಸುವುದೇ ಲೇಸು.