ಸಿಹಿ ವೈನ್ ಯಾವುದರ ಜೊತೆ? ಕೇಕಿಗೋ, ಹೋಳಿಗೆಗೋ?

ಪ್ರಶ್ನೆ: ಕ್ರಿಸ್‌ಮಸ್‌ಗೆ ಬೆಂಗಳೂರಿನಿಂದ ಬರುವ ಮಗ ಒಂದು ಬಾಟಲಿ ಸಿಹಿ ವೈನ್ ತರುತ್ತಾನಂತೆ. ನಮ್ಮಲ್ಲಿ ಊಟಕ್ಕೆ ಕಡುಬು, ಕೋಳಿ ಸಾರು. ಆಮೇಲೆ ಪ್ಲಮ್ ಕೇಕು, ಕುಸ್ವಾರ್ (ಕ್ರಿಸ್‌ಮಸ್‌ಗೆ ಮಾಡುವ ಬಗೆಬಗೆ ತಿಂಡಿ). ಅಕ್ಕಪಕ್ಕದವರೂ ಬರುತ್ತಾರೆ ಅಂತ ಕಾಯಿ ಹೋಳಿಗೆ ಕೂಡ ಮಾಡುತ್ತೇವೆ. ವೈನನ್ನು ಯಾವುದರ ಜೊತೆ ಕೊಟ್ಟರೆ ಸರಿ?
(ತೀರ್ಥಹಳ್ಳಿ ಕಡೆಯ ಓದುಗರು)

ಕೇಕಿನ ಜೊತೆ ಕೊಡಿ. ಹೋಳಿಗೆ ಜೊತೆ ಬೇಡ.

ಯಾಕೆ ಅನ್ನೋದು ನಿಮಗೆ ಆಗಲೇ ಗೊತ್ತು. ಹೋಳಿಗೆ ತಿಂದ ಬಾಯಲ್ಲೇ ಕಾಫಿ ಕುಡಿದಿದ್ದೀರಲ್ವಾ? ದಿನಾ ಕುಡಿಯುವ ಅದೇ ಕಾಫಿ, ಅಷ್ಟೇ ಸಕ್ಕರೆ. ಆದರೂ ‘ಸಕ್ಕರೆ ಹಾಕೋದು ಮರೆತೆಯಾ?’ ಅಂತ ಕೇಳುವ ಹಾಗಾಗುತ್ತದೆ. ಜಾಸ್ತಿ ಸಿಹಿ ತಿಂದ ನಾಲಿಗೆಗೆ ಕಡಿಮೆ ಸಿಹಿ ಲೆಕ್ಕಕ್ಕೇ ಬರುವುದಿಲ್ಲ. ಕಾಫಿಯಲ್ಲಿ ಆಗ ಕಹಿ ಎದ್ದು ಬಂದರೆ ವೈನಿನಲ್ಲಿ ಹುಳಿ ಎದ್ದು ಬರುತ್ತದೆ. ಎಷ್ಟೇ ಸಿಹಿ ವೈನಾದರೂ ಒಳಗೆ ದ್ರಾಕ್ಷಿಯ ಹುಳಿ ಇದ್ದೇ ಇರುತ್ತದೆ.

ಕೆಲವು ವರ್ಷದ ಹಿಂದೆ ಹೊಸ ವರ್ಷದ ರಾತ್ರಿ ನಾನೇ ಈ ತಪ್ಪು ಮಾಡಿದ್ದೆ. ನೆಂಟರಿಗೆ ಕಾಶಿ ಹಲ್ವ ಬಡಿಸಿ, ಮೇಲಿಂದ ದುಬಾರಿ ವೈನ್ ಸುರಿದುಕೊಟ್ಟೆ. ನಮ್ಮ ದೊಡ್ಡಪ್ಪ ಒಂದು ಗುಟುಕು ಕುಡಿದು, ‘ಚೆನ್ನಾಗಿದೆ ಕಣಪ್ಪ, ಅಪ್ಪೆಹುಳಿಗೆ ಒಗ್ಗರಣೆ ಹಾಕೋದು ಮರೆತಿದ್ದೀಯ’ ಅಂದರು.

ಹಾಗಾಗಿ ತಿನ್ನುವ ಸಿಹಿಗಿಂತ ವೈನ್ ಒಂದು ಕೈ ಹೆಚ್ಚು ಸಿಹಿ ಇರಬೇಕು. ಪ್ಲಮ್ ಕೇಕು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅದರಲ್ಲಿ ಒಣದ್ರಾಕ್ಷಿ, ಲವಂಗ, ಚಕ್ಕೆ, ಕರಟಿದ ಸಕ್ಕರೆಯ ಸಣ್ಣ ಕಹಿ ಎಲ್ಲಾ ಇದೆ, ಸಿಹಿ ಮಾತ್ರ ಹೋಳಿಗೆಯಷ್ಟು ಮೈಮೇಲೆ ಬರುವುದಿಲ್ಲ. ಮೇಲೆ ದಪ್ಪಗೆ ಐಸಿಂಗ್ ಮೆತ್ತಿದ ಕೇಕಾದರೆ ಈ ಮಾತು ವಾಪಸ್.

ಮಗ ಯಾವ ಬಾಟಲಿ ತರುತ್ತಾನೆ ಅನ್ನೋದೂ ಮುಖ್ಯ. ಲೇಟ್ ಹಾರ್ವೆಸ್ಟ್ ಅಂತ ಬರೆದಿದ್ದರೆ, ದ್ರಾಕ್ಷಿಯನ್ನು ಬಳ್ಳಿಯಲ್ಲೇ ಜಾಸ್ತಿ ದಿನ ಬಿಟ್ಟು, ಸಿಹಿ ಏರಿದ ಮೇಲೆ ಕೊಯ್ದು ಮಾಡಿದ್ದು. ನಾಸಿಕದ ಸುಲಾದವರ ಲೇಟ್ ಹಾರ್ವೆಸ್ಟ್ ಶೆನಿನ್ ಬ್ಲಾಂಕ್ ಈ ಜಾತಿಯದು. ಪೋರ್ಟ್ ಆದರೆ ದಾರಿ ಬೇರೆ. ಪೋರ್ಚುಗಲ್ಲಿನ ಡೌರೋ ಕಣಿವೆಯಲ್ಲಿ ರಸ ಹುಳಿಯುತ್ತಿರುವಾಗಲೇ ಅದಕ್ಕೆ ದ್ರಾಕ್ಷಿಯ ಬ್ರಾಂದಿ ಬೆರೆಸುತ್ತಾರೆ. ಯೀಸ್ಟ್ ಅಲ್ಲಿಗೇ ಸಾಯುತ್ತದೆ, ತಿನ್ನದೆ ಬಿಟ್ಟ ಸಕ್ಕರೆ ಉಳಿಯುತ್ತದೆ. ಅದರಲ್ಲಿ ಆಲ್ಕೋಹಾಲ್ ಸುಮಾರು ಶೇ 20. ನಮ್ಮ ಅಂಗಡಿಗಳಲ್ಲಿ ಪೋರ್ಟ್ ಅಂತ ಹೆಸರಿಟ್ಟು ಮಾರುವ ಸಿಹಿ ಕೆಂಪು ವೈನೆಲ್ಲ ಹೀಗೇ ಮಾಡಿದ್ದು ಅಂತ ತಿಳಿಯಬೇಡಿ. ಚೀಟಿ ಮೇಲಿನ ಶೇಕಡಾ ನೋಡಿ.

ಮೂರನೆಯದು ನಮ್ಮೂರಿಗೆ ಬರುವುದು ಅಪರೂಪ, ಆದರೆ ಅಡಿಕೆ ಬೆಳೆಯುವವರು ಅದರ ಕತೆ ಕೇಳಲೇಬೇಕು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಸೊಟರ್ನ್ ಅಂತ ಒಂದು ಜಾಗ. ಅಲ್ಲಿನ ಸಿಹಿ ವೈನಿಗೆ ಲೋಕವೆಲ್ಲ ಹೆಸರು. ಆ ಸಿಹಿ ಬರುವುದು ಕೊಳೆಯಿಂದ! ಶರತ್ಕಾಲದ ಬೆಳಿಗ್ಗೆ ಹೊಳೆ ಕಡೆಯಿಂದ ಮಂಜು ಹತ್ತುತ್ತದೆ. ದ್ರಾಕ್ಷಿಗೆ ಬೋಟ್ರೈಟಿಸ್ ಅನ್ನುವ ಬೂಸ್ಟು ಹಿಡಿಯುತ್ತದೆ. ಮಧ್ಯಾಹ್ನ ಬಿಸಿಲು ಬಿದ್ದಾಗ, ಬೂಸ್ಟು ತೂತು ಮಾಡಿದ ಸಿಪ್ಪೆಯಿಂದ ನೀರು ಆರಿ ಹೋಗುತ್ತದೆ. ಹಣ್ಣು ಸುಕ್ಕಿ, ಉಳಿದ ರಸ ಜೋನಿ ಬೆಲ್ಲದ ಹಾಗೆ ಗಟ್ಟಿಯಾಗುತ್ತದೆ. ಬಿಸಿಲು ಕೈಕೊಟ್ಟು ಮಳೆ ಜಡಿ ಹಿಡಿದರೆ ಅದೇ ಬೂಸ್ಟು ಬೆಳೆ ತಿಂದು ಹಾಕುತ್ತದೆ. ಆ ಸಂಕಟವನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾವು ಮಳೆಗಾಲದಲ್ಲಿ ಅಡಿಕೆ ಕೊನೆಗೆ ಹೊಡೆಸುವ ‘ಬೋರ್ಡೋ’ ಇದೆಯಲ್ಲ, ಅದೂ ಇದೇ ಬೋರ್ಡೋ. ಅಲ್ಲಿನ ದ್ರಾಕ್ಷಿ ತೋಟಗಳ ಬೇರೊಂದು ರೋಗಕ್ಕೆ 1880ರ ದಶಕದಲ್ಲಿ ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ ಕಂಡುಕೊಂಡರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅದನ್ನು ನಮ್ಮ ಅಡಿಕೆಯ ಕೊಳೆರೋಗಕ್ಕೆ ತಂದರು. ವೈನಿನ ಊರಿನ ಹೆಸರು ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರ ಬಾಯಲ್ಲಿ ನೂರು ವರ್ಷದಿಂದ ಇದೆ, ವೈನ್ ಮಾತ್ರ ಈಗ ಬರುತ್ತಿದೆ.

ಸರಿ, ಊಟಕ್ಕೆ ಬರೋಣ. ಕೋಳಿ ಸಾರಿನ ಜೊತೆ ಪೋರ್ಟ್ ಬೇಡವೇ ಬೇಡ. ಸಿಹಿ ಖಾರವನ್ನು ತಣಿಸುತ್ತದೆ ನಿಜ, ಆದರೆ ಅಷ್ಟು ಆಲ್ಕೋಹಾಲ್ ಉರಿಗೆ ಇನ್ನಷ್ಟು ಉರಿ ಹಚ್ಚುತ್ತದೆ. ಕಡಿಮೆ ಆಲ್ಕೋಹಾಲಿನ ಸಿಹಿ ವೈನಾದರೆ ಒಂದು ಗುಟುಕು ನಡೆಯುತ್ತದೆ. ಆದರೂ ನನ್ನನ್ನು ಕೇಳಿದರೆ ಕಡುಬು, ಸಾರು ಮುಗಿಯುವವರೆಗೆ ಬಾಟಲಿ ತೆಗೆಯಲೇಬೇಡಿ.

ಕುಸ್ವಾರ್ ತಟ್ಟೆಯಲ್ಲಿ ಆರಿಸಿ ಕೊಡಬೇಕು. ಎಳ್ಳು, ಕೊಬ್ಬರಿ ತುಂಬಿದ ನೆವ್ರಿ, ಗರಿಗರಿ ಕೊಕ್ಕಿಸಾಂ ಚೆನ್ನಾಗಿ ಹೊಂದುತ್ತವೆ. ಸಕ್ಕರೆ ಪಾಕ ಹತ್ತಿದ್ದನ್ನು ಬದಿಗಿಡಿ. ಆದರೆ ಆ ತಟ್ಟೆಯಲ್ಲಿ ವೈನಿಗೆ ನಿಜವಾದ ಜೋಡಿ ಚಕ್ಕುಲಿ! ಉಪ್ಪು, ಎಣ್ಣೆ ಇರುವ ಕಡೆ ಸಿಹಿ ವೈನ್ ಅರಳುತ್ತದೆ. ಫ್ರಾನ್ಸಿನವರು ಸೊಟರ್ನ್ ಜೊತೆ ಉಪ್ಪುಪ್ಪಾದ ನೀಲಿ ಚೀಸ್ ತಿನ್ನುವುದು ಇದಕ್ಕೇ. ನಮಗೆ ತುಪ್ಪದಲ್ಲಿ ಹುರಿದು ಉಪ್ಪು, ಕಾಳುಮೆಣಸು ಉದುರಿಸಿದ ಗೋಡಂಬಿ ಸಾಕು. ಹಲಸಿನ ಚಿಪ್ಸ್ ಇದ್ದರೆ ಇನ್ನೂ ಒಳ್ಳೆಯದು.

ಹೋಳಿಗೆಗೆ ತುಪ್ಪ ಇದೆ, ಹಾಲಿದೆ. ಮೂರನೆಯವರು ಯಾಕೆ?

ಬಿಳಿ ಸಿಹಿ ವೈನನ್ನು ಮೂರು ಗಂಟೆ ಫ್ರಿಜ್‌ನಲ್ಲಿಡಿ. 8ರಿಂದ 10 ಡಿಗ್ರಿ ತಂಪಿದ್ದರೆ ಸಿಹಿ ಹದವಾಗಿ ಕಾಣುತ್ತದೆ, ಬೆಚ್ಚಗಿದ್ದರೆ ಶರಬತ್ತು ಕುಡಿದ ಹಾಗಾಗುತ್ತದೆ. ಪೋರ್ಟ್ ಆದರೆ ಡಿಸೆಂಬರಿನ ಸಂಜೆ ಜಗಲಿ ಮೇಲಿಟ್ಟರೂ ನಡೆದೀತು. ಒಬ್ಬರಿಗೆ 60 ಮಿಲಿ ಸಾಕು. ಈ ವೈನ್ ಎಷ್ಟೋ ಸಲ 375 ಮಿಲಿಯ ಅರ್ಧ ಬಾಟಲಿಯಲ್ಲೇ ಬರುತ್ತದೆ. ಅದನ್ನು ನೋಡಿ ಮಗ ಜುಗ್ಗತನ ಮಾಡಿದ ಅಂದುಕೊಳ್ಳಬೇಡಿ, ಆರು ಜನಕ್ಕೆ ಸರಿಹೋಗುತ್ತದೆ. ಮಿಕ್ಕಿದ್ದನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಬಿಳಿಯದು ಕೆಲವು ದಿನ, ಪೋರ್ಟ್ ಎರಡು ವಾರ ಕೆಡುವುದಿಲ್ಲ.

ಇನ್ನೊಂದು. ನಿಮ್ಮ ಮನೆಯಲ್ಲೂ ಬೆಂಗಳೂರು ಬ್ಲೂ ದ್ರಾಕ್ಷಿಗೆ ಸಕ್ಕರೆ, ಚಕ್ಕೆ, ಲವಂಗ ಹಾಕಿ 21 ದಿನ ಭರಣಿಯಲ್ಲಿಡುವ ರೂಢಿ ಇದ್ದರೆ, ಅದನ್ನೂ ಪಕ್ಕದಲ್ಲಿಡಿ. ಸಕ್ಕರೆ ಧಾರಾಳವಾಗಿ ಬಿದ್ದಿರುವುದರಿಂದ ಕೇಕಿನ ಪಕ್ಕ ಅದೇ ಗೆದ್ದರೂ ಗೆಲ್ಲಬಹುದು. ಮಗನಿಗೆ ಬೇಜಾರಾಗದಂತೆ ನೋಡಿಕೊಳ್ಳಿ. ರಾತ್ರಿ ಆಗುಂಬೆ ಘಾಟಿ ಇಳಿದು ಉಡುಪಿ ಕಡೆ ಹೋಗುವ ನೆಂಟರಲ್ಲಿ ಕಾರು ಓಡಿಸುವವರಿಗೆ ಎರಡರಲ್ಲಿ ಯಾವುದೂ ಬೇಡ, ಕೇಕು ಕಟ್ಟಿಕೊಡಿ.