ಬಳ್ಳಾರಿ ಜಾಲಿಯ ಮುಳ್ಳು ಮತ್ತು ಮೆತ್ತನೆಯ ಶೂ

ಕಳೆದ ನವೆಂಬರಿನ ಒಂದು ಬೆಳಿಗ್ಗೆ, ಬಳ್ಳಾರಿಯ ಹೊರಗಿನ ಮಣ್ಣಿನ ದಾರಿಯಲ್ಲಿ ವಾಕಿಂಗ್ ಹೊರಟಿದ್ದೆ. ಕಾಲಲ್ಲಿ ಹೊಸ ಶೂ. ಅಂಗಡಿಯಲ್ಲಿ ಹೆಬ್ಬೆರಳಿಂದ ಒತ್ತಿ ನೋಡಿದಾಗ ಬಿಸಿ ಇಡ್ಲಿಯಷ್ಟು ಮೆತ್ತಗಿತ್ತು. ಅದಕ್ಕೇ ಮನಸೋತು ತಂದಿದ್ದೆ. ಒಂದು ಕಿಲೋಮೀಟರ್ ಕೂಡ ದಾಟಿರಲಿಲ್ಲ, ಬಲ ಹಿಮ್ಮಡಿ ಚುರ್ ಎಂದಿತು. ಬಿಚ್ಚಿ ನೋಡಿದರೆ ಜಾಲಿ ಮುಳ್ಳು. ಇಡೀ ತಳ ತೂರಿಕೊಂಡು ಸಾಕ್ಸ್‌ವರೆಗೆ ಬಂದಿತ್ತು.

ಊರೂರಲ್ಲಿ ‘ಬಳ್ಳಾರಿ ಜಾಲಿ’ ಎಂದು ಕರೆಸಿಕೊಳ್ಳುವ ಈ ಗಿಡ ಮೂಲದಲ್ಲಿ ನಮ್ಮದಲ್ಲ. ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ಇಲ್ಲಿಗೆ ಬಂತು. ಈಗ ನಮ್ಮ ರಸ್ತೆ ಬದಿ, ಹಳ್ಳದ ದಂಡೆ, ಪಾಳು ಹೊಲ ಎಲ್ಲ ಅದರದ್ದೇ. ಒಣಗಿದ ಮುಳ್ಳು ಮೊಳೆಯ ಹಾಗೆ ಗಟ್ಟಿ. ಹಾಗಾಗಿ ನಮ್ಮ ಕಡೆ ಶೂ ಆರಿಸುವವರು ಮೊದಲು ನೋಡಬೇಕಾದ್ದು ಬಣ್ಣವನ್ನಲ್ಲ, ತಳವನ್ನು.

ಈಗಿನ ಹೆಚ್ಚಿನ ಶೂಗಳ ತಳದಲ್ಲಿ ಇವಿಎ ಎಂಬ ಫೋಮ್ ಇರುತ್ತದೆ. ಅದರೊಳಗೆ ಲೆಕ್ಕವಿಲ್ಲದಷ್ಟು ಸಣ್ಣ ಗಾಳಿಗುಳ್ಳೆಗಳು. ಹೆಜ್ಜೆ ಇಟ್ಟಾಗ ಗುಳ್ಳೆಗಳು ಅಮುಕಿಕೊಳ್ಳುತ್ತವೆ, ಎತ್ತಿದಾಗ ಮತ್ತೆ ಅರಳುತ್ತವೆ. ಮೆತ್ತನೆ ಅನ್ನಿಸುವುದು ಇದರಿಂದಲೇ. ಈ ಫೋಮಿನ ಕೆಳಗೆ ನೆಲ ತಾಗುವ ಭಾಗಕ್ಕೆ ಗಟ್ಟಿ ರಬ್ಬರ್ ಪದರ ಇರಬೇಕು. ಹಗುರವಾಗಲಿ, ಅಗ್ಗವಾಗಲಿ ಎಂದು ಕೆಲವದರಲ್ಲಿ ಆ ಪದರವನ್ನೇ ಬಿಟ್ಟಿರುತ್ತಾರೆ. ನನ್ನ ಶೂ ಅಂಥದ್ದು. ಅಂಗಡಿಯಲ್ಲಿ ಒಮ್ಮೆ ತಿರುಗಿಸಿ ನೋಡಿದ್ದರೆ ಸಾಕಿತ್ತು. ಉಗುರಿಂದ ಒತ್ತಿದರೆ ಗುರುತು ಉಳಿಯುವ ತಳ ನಮ್ಮ ಮಣ್ಣಿನ ದಾರಿಗೆ ಆಗಿಬರುವುದಿಲ್ಲ. ಇನ್ನೊಂದು ಮಾತು: ಮಳೆ ಬಂದ ಮೇಲೆ ಎರೆಮಣ್ಣಿನಲ್ಲಿ ನಡೆಯುವವರು ಆಳವಾದ ಸಂದು ಸಂದಿನ ತಳ ಕೊಳ್ಳಬೇಡಿ. ಮಣ್ಣು ಅದರೊಳಗೆ ಕೂತರೆ ಒಂದೊಂದು ಕಾಲೂ ಎತ್ತಲಾರದಷ್ಟು ಭಾರವಾಗುತ್ತದೆ.

ಮುಳ್ಳಿನ ಮಾತು ಅಲ್ಲಿಗಿರಲಿ. ಆವತ್ತಿನಿಂದ ನನಗೆ ಕಾಡಿದ್ದು ಬೇರೆ ಪ್ರಶ್ನೆ. ಮೆತ್ತಗಿರುವುದೂ ಹಿತವಾಗಿರುವುದೂ ಒಂದೇನಾ?

ಒಂದು ಪಾದದಲ್ಲಿ 26 ಮೂಳೆಗಳಿವೆ, 33 ಕೀಲುಗಳಿವೆ. ನಡೆಯುವಾಗ ಮೊದಲು ಹಿಮ್ಮಡಿ ನೆಲ ಮುಟ್ಟುತ್ತದೆ. ಭಾರ ಅಂಗಾಲಿನ ಹೊರ ಅಂಚಿನಿಂದ ಮುಂದಕ್ಕೆ ಉರುಳುತ್ತದೆ. ಕೊನೆಗೆ ಬೆರಳುಗಳ ಬುಡದಲ್ಲಿ ಪಾದ ಬಾಗಿ, ಹೆಬ್ಬೆರಳು ನೆಲವನ್ನು ಹಿಂದಕ್ಕೆ ತಳ್ಳುತ್ತದೆ. ಓಟದಲ್ಲಿ ಎರಡೂ ಕಾಲು ಗಾಳಿಯಲ್ಲಿರುವ ಗಳಿಗೆ ಒಂದಿರುತ್ತದೆ. ಕಾಲು ಮತ್ತೆ ನೆಲಕ್ಕೆ ತಾಗಿದಾಗ ಮೈತೂಕದ ಎರಡರಿಂದ ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. ನಡಿಗೆಯಲ್ಲಿ ಒಂದು ಕಾಲಾದರೂ ನೆಲದ ಮೇಲೆ ಇದ್ದೇ ಇರುತ್ತದೆ. ಹಾಗಾಗಿ ಬಲ ಮೈತೂಕಕ್ಕಿಂತ ಸ್ವಲ್ಪವೇ ಜಾಸ್ತಿ, ಸುಮಾರು 1.2 ಪಟ್ಟು. 70 ಕೆಜಿ ತೂಗುವವರಿಗೆ 84 ಕೆಜಿ ಇಟ್ಟ ಹಾಗೆ. ಅಂದಮೇಲೆ ಓಟಗಾರರಿಗೆಂದು ಮಾಡಿದ ದಪ್ಪ ಫೋಮಿನ ಗುಡ್ಡೆ ನಮಗೇಕೆ? ನಡೆಯುವವರಿಗೆ ಬೇಕಾದ್ದು ಸರಿಯಾದ ಜಾಗದಲ್ಲಿ ಬಾಗುವ ಶೂ. ತುದಿ, ಹಿಮ್ಮಡಿ ಎರಡನ್ನೂ ಹಿಡಿದು ಮಡಚಿ ನೋಡಿ. ಬೆರಳ ಬುಡ ಬರುವ ಜಾಗದಲ್ಲಿ ಬಾಗಿದರೆ ಸರಿ. ನಟ್ಟನಡುವೆ ಪುಸ್ತಕದ ಹಾಗೆ ಮಡಚಿಕೊಂಡರೆ ಅಲ್ಲೇ ವಾಪಸ್ ಇಟ್ಟುಬಿಡಿ.

2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ನನಗೆ ತುಂಬ ಹಿಡಿಸಿತು. ಕೀನ್ಯಾ ಮತ್ತು ಅಮೆರಿಕದ ಜನರ ಪಾದಗಳನ್ನು ವಿಜ್ಞಾನಿಗಳು ಹೋಲಿಸಿ ನೋಡಿದರು. ಬರಿಗಾಲಲ್ಲಿ ನಡೆಯುವವರ ಅಂಗಾಲಿನ ಚರ್ಮ ದಪ್ಪ. ಆದರೆ ಅದರಿಂದ ನೆಲದ ಸ್ಪರ್ಶ ಮಂಕಾಗಿರಲಿಲ್ಲ. ಮೆತ್ತನೆ ಶೂ ಹಾಕಿದಾಗ ಹೆಜ್ಜೆಯ ಮೊದಲ ಹೊಡೆತದ ವೇಗವೇನೋ ಇಳಿಯಿತು, ಆದರೆ ಆ ಹೊಡೆತ ಹೆಚ್ಚು ಹೊತ್ತು ಉಳಿದು, ಅದರ ಒಟ್ಟು ಭಾರ ಜಾಸ್ತಿಯಾಯಿತು. ಇದನ್ನು ಓದಿದಾಗ ಬಿಸಿಲಲ್ಲಿ ಬರಿಗಾಲಲ್ಲೇ ಹೊಲ ತಿರುಗುತ್ತಿದ್ದ ನಮ್ಮಜ್ಜನ ಪಾದ ನೆನಪಾಯಿತು. ಹಾಗಂತ ಯಾರೂ ನಾಳೆಯಿಂದ ಬರಿಗಾಲಲ್ಲಿ ಹೊರಡಬೇಡಿ. ಅಜ್ಜನ ಚರ್ಮ ವರ್ಷಗಟ್ಟಲೆ ನಡೆದು ಬಂದದ್ದು. ನಮ್ಮ ಬೀದಿಗಳಲ್ಲಿ ಗಾಜಿನ ಚೂರೂ ಇದೆ.

ನಿಜವಾದ ತೊಂದರೆ ಬಹಳ ಸಲ ಅಗಲದ್ದು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಕೊನೆಯಿಂದ 2022ರ ಮಾರ್ಚ್‌ವರೆಗೆ, ದೇಶದ 79 ಕಡೆ, 1 ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿತು. ಯುರೋಪ್, ಅಮೆರಿಕದವರ ಪಾದಕ್ಕಿಂತ ನಮ್ಮವರ ಪಾದ ಹೆಚ್ಚು ಅಗಲ ಎಂದು ಗೊತ್ತಾಯಿತು. ಅದರ ಮೇಲೆ ‘ಭಾ’ ಎಂಬ ನಮ್ಮದೇ ಅಳತೆ ಕ್ರಮವೂ ತಯಾರಾಯಿತು. ಆದರೆ ಅಂಗಡಿಯಲ್ಲಿ ಇವತ್ತಿಗೂ ನಾವು ಕೇಳುವುದು ಇಂಗ್ಲೆಂಡಿನ 7, 8, 9ನ್ನೇ. ಬದಿ ಬಿಗಿಯಾಯಿತು ಅಂದರೆ ಅಂಗಡಿಯ ಹುಡುಗ ಹೇಳುವುದು ಎರಡೇ ಮಾತು. ಒಂದು, “ಹಾಕ್ಕಂಡು ಓಡಾಡಿದ್ರೆ ಸಡ್ಲ ಆಗ್ತೈತೆ ಸಾರ್.” ಇಲ್ಲವೇ, “ಒಂದ್ ಸೈಜ್ ದೊಡ್ಡದು ತಗಳ್ರಿ.” ಎರಡೂ ಸರಿಯಲ್ಲ. ಒಂದು ಸೈಜ್ ಅಂದರೆ ಉದ್ದದಲ್ಲಿ ಸುಮಾರು 8.5 ಮಿ.ಮೀ. ಅಷ್ಟು ಉದ್ದವಾದರೆ ಶೂ ಬಾಗುವ ಜಾಗ ಮುಂದಕ್ಕೆ ಹೋಗುತ್ತದೆ, ಹಿಮ್ಮಡಿ ಒಳಗೆ ಜಾರಿ ಜಾರಿ ಬೊಬ್ಬೆ ಬರುತ್ತದೆ.

ನಾನು ಈಗ ಮಾಡುವುದು ಇಷ್ಟೇ. ಶೂ ಕೊಳ್ಳಲು ಸಂಜೆ ಹೋಗುತ್ತೇನೆ. ದಿನವೆಲ್ಲ ನಿಂತು ಓಡಾಡಿ ಪಾದ ಆಗ ಸ್ವಲ್ಪ ಊದಿರುತ್ತದೆ. ವಾಕಿಂಗ್‌ಗೆ ಹಾಕುವ ಸಾಕ್ಸ್ ಜೊತೆಗಿರುತ್ತದೆ. ಶೂ ಒಳಗಿನ ಅಟ್ಟೆ ಹೊರಗೆಳೆದು, ನೆಲಕ್ಕೆ ಹಾಕಿ, ಅದರ ಮೇಲೆ ನೆಟ್ಟಗೆ ನಿಲ್ಲುತ್ತೇನೆ. ಕೂತು ನೋಡಿದರೆ ಪ್ರಯೋಜನವಿಲ್ಲ, ಮೈಭಾರ ಬಿದ್ದಾಗಲೇ ಪಾದ ಪೂರ್ತಿ ಹರಡುವುದು. ಅಂಚಿನಿಂದ ಪಾದ ಹೊರಗೆ ಚಾಚಿದರೆ ಆ ಶೂ ನನ್ನದಲ್ಲ. ಕಾಲಿನ ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಕೈ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಆ ಉದ್ದದ ಬೆರಳು ಕಾಲಿನ ಹೆಬ್ಬೆರಳೇ ಆಗಬೇಕೆಂದಿಲ್ಲ, ಕೆಲವರಿಗೆ ಪಕ್ಕದ ಬೆರಳು ಉದ್ದ. ಎರಡು ಪಾದದಲ್ಲಿ ದೊಡ್ಡದು ಯಾವುದೋ ಅದರ ಅಳತೆಯೇ ಅಳತೆ. ಬಳ್ಳಾರಿ ಗುಡ್ಡ ಹತ್ತಿ ಇಳಿಯುವವರಿಗೆ ಆ ಜಾಗ ಯಾಕೆ ಬೇಕೆಂದು ಹೇಳಬೇಕಿಲ್ಲ. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಉಗುರು ಕಪ್ಪಾಗುವುದು ಅಲ್ಲೇ ಅಲ್ವಾ? ಇಳಿಯುವ ಮೊದಲು ಲೇಸನ್ನು ಕಣಕಾಲಿನ ಹತ್ತಿರ ಒಮ್ಮೆ ಬಿಗಿದು ಕಟ್ಟಿದರೆ ಜಾರುವುದು ಕಡಿಮೆಯಾಗುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಮೇಲ್ಭಾಗ ಗಾಳಿಯಾಡುವ ಜಾಲರಿಯದ್ದಾಗಿರಲಿ. ಹತ್ತಿ ಬೆಳೆಯುವ ಸೀಮೆಯಲ್ಲಿ ಇದ್ದುಕೊಂಡು ಹೀಗೆ ಹೇಳುವುದು ಕಷ್ಟ, ಆದರೂ ಬರೀ ಹತ್ತಿಯ ಸಾಕ್ಸ್ ಬೇಡ. ಅದು ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಒದ್ದೆ ಚರ್ಮ ಜಾಸ್ತಿ ಉಜ್ಜಿಕೊಳ್ಳುತ್ತದೆ. ತೊಳೆದ ಶೂವನ್ನು ಬಿರುಬಿಸಿಲಿಗೂ ಇಡಬೇಡಿ, ಇವಿಎ ಫೋಮ್ ಬಿಸಿಗೆ ಕುಗ್ಗುತ್ತದೆ.

ಶುಗರ್ ಇರುವವರ ಮಾತು ಬೇರೆಯೇ. ನಮ್ಮ ಅವ್ವ ಒಂದು ದಿನ ವಾಕಿಂಗ್ ಮುಗಿಸಿ ಬಂದು ಶೂ ಬಿಚ್ಚಿದಾಗ ಒಳಗಿಂದ ಕಡಲೆಕಾಳಿನಷ್ಟು ಕಲ್ಲು ಬಿತ್ತು. ಇಡೀ ದಾರಿ ಅದರ ಮೇಲೆಯೇ ನಡೆದಿದ್ದರು, ಗೊತ್ತೇ ಆಗಿರಲಿಲ್ಲ. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದರೆ ಪಾದದ ನರಗಳು ಮಂಕಾಗುತ್ತವೆ. ಕಚ್ಚುವ ಶೂ ಕೂಡ ಹಿತ ಅನ್ನಿಸಬಹುದು. ಅಂಥವರು ‘ಹಾಕಿದಾಗ ಹೇಗನ್ನಿಸಿತು’ ಎಂಬುದನ್ನು ನಂಬುವ ಹಾಗಿಲ್ಲ. ಅಟ್ಟೆಯ ಮೇಲೆ ನಿಂತು, ಕಣ್ಣಿಂದ ನೋಡಿಯೇ ಕೊಳ್ಳಬೇಕು. ಡಾಕ್ಟರು ಸಣ್ಣ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ ಸ್ಪರ್ಶ ಉಳಿದಿದೆಯೇ ಎಂದು ಪರೀಕ್ಷೆ ಮಾಡುತ್ತಾರೆ, ನೋವಿಲ್ಲದ ಪರೀಕ್ಷೆ. ವರ್ಷಕ್ಕೊಮ್ಮೆ ದಯವಿಟ್ಟು ಮಾಡಿಸಿ.

ಶೂಗೂ ಆಯಸ್ಸಿದೆ. 500ರಿಂದ 800 ಕಿಲೋಮೀಟರ್ ಎಂಬುದು ಸಾಮಾನ್ಯ ಲೆಕ್ಕ. ದಿನಕ್ಕೆ 4 ಕಿಲೋಮೀಟರ್ ನಡೆದರೆ ನಾಲ್ಕರಿಂದ ಏಳು ತಿಂಗಳು. ಮೇಲೆ ಹೊಸದರಂತೆ ಕಂಡರೂ ಒಳಗಿನ ಗುಳ್ಳೆಗಳು ಸೋತಿರುತ್ತವೆ. ಕೊಂಡ ತಾರೀಖನ್ನು ನಾನು ಅಟ್ಟೆಯ ಕೆಳಗೆ ಪೆನ್ನಿಂದ ಬರೆದಿಡುತ್ತೇನೆ.

ಪ್ರತಿ ಭಾನುವಾರ ಅವ್ವನ ಶೂ, ನನ್ನ ಶೂ ಎರಡನ್ನೂ ಕವುಚಿ ಹಾಕಿಕೊಂಡು, ಪಿನ್ನಿಂದ ಮುಳ್ಳು ಕೀಳಲು ಕೂರುತ್ತೇನೆ. ಹೋದ ವಾರ ಅವ್ವನದರಲ್ಲಿ ಮೂರು ಸಿಕ್ಕವು. ಮೂರೂ ರಬ್ಬರಿನಲ್ಲೇ ಮುರಿದು ನಿಂತಿದ್ದವು.